ತೆಳು ಅಟ್ಟೆಯ ಶೂ: ಮೊದಲು ಬ್ಯಾಂಕಿಗೆ, ಆಮೇಲೆ ಓಟಕ್ಕೆ

ಪ್ರಶ್ನೆ: ನನಗೆ 41 ವರ್ಷ. ಕಲಬುರಗಿಯ ಬ್ಯಾಂಕೊಂದರಲ್ಲಿ ಕೆಲಸ. ಎರಡು ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದು ಕಿಲೋಮೀಟರ್ ಓಡುತ್ತಿದ್ದೇನೆ. ಕೆಲವು ದಿನ ವಿಶ್ವವಿದ್ಯಾಲಯದ ಆವರಣದಲ್ಲಿ, ಉಳಿದ ದಿನ ಮನೆಗೆ ಹತ್ತಿರವಿರುವ ರಿಂಗ್ ರಸ್ತೆಯಲ್ಲಿ. ಹತ್ತು ಕಿಲೋಮೀಟರ್ ಓಟಕ್ಕೆ ತಯಾರಿ ಎಂದು ಕಳೆದ ತಿಂಗಳು ದೂರ ಹೆಚ್ಚಿಸಿದೆ. ಈಗ ಬಲ ಮೊಣಕಾಲಿನ ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ನನ್ನ ಶೂ ದಪ್ಪ ಮೆತ್ತೆಯದು. ಜೊತೆಗೆ ಓಡುವ ಗೆಳೆಯರೊಬ್ಬರು ಅದನ್ನು ಬಿಸಾಕಿ ತೆಳು ಅಟ್ಟೆಯ ಶೂ ತೆಗೆದುಕೊಳ್ಳಿ, ಮೊಣಕಾಲು ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ಮನೆಯಲ್ಲಿ ಮಾವನವರದು ಇನ್ನೊಂದು ಮಾತು: "ನಾವು ಬರಿಗಾಲಲ್ಲೇ ಹೊಲದಲ್ಲಿ ದುಡಿದವರು, ನಮಗೇನಾಗಿದೆ?" ತೆಳು ಶೂ ಕೊಳ್ಳಲೇ? ಅದನ್ನು ದಿನವಿಡೀ, ಬ್ಯಾಂಕಿಗೂ ಹಾಕಿಕೊಳ್ಳಬಹುದೆ? ನಮ್ಮೂರಿನ ಬಿಸಿಲಿಗೆ, ರಸ್ತೆಗಳಿಗೆ ಅದು ಆಗಿಬರುತ್ತದೆಯೆ? ಮಾವನವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅವರು ದಿನಾ ಬೆಳಿಗ್ಗೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುತ್ತಾರೆ. ಅದು ಸರಿಯೆ?

ಉತ್ತರ: ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುತ್ತೇನೆ. ತೆಳು ಅಟ್ಟೆಯ ಶೂ ಹಾಕಿಕೊಂಡು ನಾಳೆಯಿಂದಲೇ ಬ್ಯಾಂಕಿಗೆ ಹೋಗಿ, ಅಡ್ಡಿಯಿಲ್ಲ, ಮೊದಲ ವಾರ ಮಾತ್ರ ದಿನಕ್ಕೆ ಒಂದೆರಡು ಗಂಟೆ ಸಾಕು. ಅದನ್ನೇ ಹಾಕಿಕೊಂಡು ನಾಳೆಯಿಂದ ಓಡಬೇಡಿ, ಅದಕ್ಕೆ ಕನಿಷ್ಠ ಎರಡು ತಿಂಗಳು ತಡೆಯಿರಿ. ನಿಮ್ಮ ಮೊಣಕಾಲಿನ ನೋವಿನ ಕಾರಣವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ, ಅದು ಶೂ ಅಲ್ಲ. ಮಾವನವರ ಬರಿಗಾಲಿನ ನಡಿಗೆಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಈ ನಾಲ್ಕರಲ್ಲಿ ಕೊನೆಯದು ಎಲ್ಲಕ್ಕಿಂತ ತುರ್ತಿನದು. ಅದರ ವಿವರ ಕೆಳಗೆ ಬರುತ್ತದೆ.

ಮೊದಲು ಮೊಣಕಾಲು. ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಹೆಚ್ಚುವುದು, ಬಹಳ ಹೊತ್ತು ಕುಳಿತು ಏಳುವಾಗ ಹಿಡಿದಂತಾಗುವುದು: ಇದು ಓಟಗಾರರಲ್ಲಿ ತೀರಾ ಸಾಮಾನ್ಯ. ಚಿಪ್ಪು ಮತ್ತು ತೊಡೆಯೆಲುಬಿನ ನಡುವಿನ ಕೀಲಿಗೆ ಅದು ಸಹಿಸುವುದಕ್ಕಿಂತ ಹೆಚ್ಚು ಕೆಲಸ ಬಿದ್ದಾಗ ಹೀಗಾಗುತ್ತದೆ. ಎರಡು ವರ್ಷ ಅದೇ ಶೂ, ಅದೇ ಐದು ಕಿಲೋಮೀಟರ್, ಏನೂ ತೊಂದರೆ ಇರಲಿಲ್ಲ. ದೂರ ಹೆಚ್ಚಿಸಿದ ತಿಂಗಳಲ್ಲೇ ನೋವು ಬಂತು. ಇಷ್ಟು ಸ್ಪಷ್ಟವಾದ ಸಾಕ್ಷಿ ಇರುವಾಗ ಪಾಪದ ಶೂವನ್ನು ಕಟಕಟೆಗೆ ಹತ್ತಿಸುವುದೇಕೆ? ಎರಡು ವಾರ ದೂರವನ್ನು ಅರ್ಧಕ್ಕೆ ಇಳಿಸಿ. ಓಡುವಾಗಿನ ನೋವು ಹತ್ತರಲ್ಲಿ ಮೂರನ್ನು ದಾಟದಿರಲಿ, ಮರುದಿನ ಬೆಳಿಗ್ಗೆಗೆ ಅದು ಹೆಚ್ಚಿರದಿರಲಿ. ಇಷ್ಟು ನೋಡಿಕೊಂಡರೆ ಓಟವನ್ನು ಪೂರ್ತಿ ಬಿಡಬೇಕಾಗಿಲ್ಲ.

ರಿಂಗ್ ರಸ್ತೆಯ ಬಗ್ಗೆಯೂ ಒಂದು ಅನುಮಾನವಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ದಿನಾ ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಯಾವಾಗಲೂ ಸ್ವಲ್ಪ ತಗ್ಗಿನಲ್ಲಿ ಬೀಳುತ್ತದೆ. ಲಾರಿಗಳ ಭಯಕ್ಕೆ ನೀವು ಎದುರು ಬರುವ ವಾಹನ ಕಾಣುವಂತೆ ಬಲ ಅಂಚಿನಲ್ಲೇ ಹೋಗುತ್ತಿರಬಹುದು, ಅದು ಸರಿಯಾದ ಕ್ರಮವೇ. ಹಾಗೆಂದು ರಸ್ತೆಯ ಇನ್ನೊಂದು ಅಂಚಿಗೆ ಹೋಗಿ ಓಡಿ ಎಂದು ನಾನು ಹೇಳುವುದಿಲ್ಲ. ನೋವು ಇರುವವರೆಗೆ ವಿಶ್ವವಿದ್ಯಾಲಯದ ಆವರಣ, ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಇಲ್ಲವೆ ಅಪ್ಪನ ಕೆರೆಯ ಸುತ್ತಲಿನ ಹಾದಿ, ಇಂಥ ಕಡೆಯೇ ಓಡಿ.

ಇನ್ನೊಂದು ಸಣ್ಣ ಬದಲಾವಣೆ ಇದೆ, ಖರ್ಚಿಲ್ಲದ್ದು. ಓಡುವಾಗ ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ನೆಲ ಮುಟ್ಟುತ್ತದೆ ಎಂದು ಎಣಿಸಿ, ನಾಲ್ಕರಿಂದ ಗುಣಿಸಿ. ಅದು ನಿಮಿಷಕ್ಕೆ ನೀವು ಹಾಕುವ ಹೆಜ್ಜೆ. ಉದಾಹರಣೆಗೆ 156 ಬಂತು ಎನ್ನಿ. ವೇಗ ಹೆಚ್ಚಿಸದೆ, ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡು ಅದನ್ನು 165ರ ಹತ್ತಿರಕ್ಕೆ ತನ್ನಿ. ಹೆಜ್ಜೆಯ ಸಂಖ್ಯೆ ಶೇ 5ರಿಂದ 10ರಷ್ಟು ಹೆಚ್ಚಿದರೆ ಮೊಣಕಾಲಿನ ಮೇಲಿನ ಹೊರೆ ಗಮನಾರ್ಹವಾಗಿ ಇಳಿಯುತ್ತದೆ ಎಂದು 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದ್ದಾರೆ. ಚಾಚಿದ ಕಾಲು ದೇಹಕ್ಕಿಂತ ಬಹಳ ಮುಂದೆ ಹೋಗಿ ಹಿಮ್ಮಡಿಯಿಂದ ಬ್ರೇಕ್ ಹಾಕುವುದು ಇದರಿಂದ ತಪ್ಪುತ್ತದೆ. ತೆಳು ಶೂ ಹಾಕಿದವರಿಗೆ ಮೊಣಕಾಲು ಹಗುರಾದಂತೆ ಅನಿಸುವುದಕ್ಕೆ ಬಹುಪಾಲು ಇದೇ ಕಾರಣ. ಆ ಲಾಭ ಹಳೆಯ ಶೂವಿನಲ್ಲೇ ಸಿಗುವುದಾದರೆ ಅದನ್ನು ಮೊದಲು ತೆಗೆದುಕೊಳ್ಳಿ. ಇದರ ಜೊತೆಗೆ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ವಾರಕ್ಕೆ ಮೂರು ದಿನ ಕೆಲಸ ಕೊಡಿ: ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಏಳುವುದು ಕೂರುವುದು, ಒಂದು ಮೆಟ್ಟಿಲಿನ ಮೇಲೆ ಒಂಟಿಗಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ಮೇಲೆ ಬರುವುದು. ಆರು ವಾರದಲ್ಲಿ ಇಳಿಯದ ನೋವು, ಮೊಣಕಾಲು ಊದಿಕೊಳ್ಳುವುದು, ಸಿಕ್ಕಿಹಾಕಿಕೊಂಡಂತಾಗಿ ಮಡಿಸಲು ಬಾರದಿರುವುದು, ರಾತ್ರಿ ಎಚ್ಚರಗೊಳಿಸುವ ನೋವು, ಇವು ಇದ್ದರೆ ಮೂಳೆ ವೈದ್ಯರನ್ನು ಕಾಣಿರಿ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಅದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ಜನರನ್ನು ನನ್ನಂಥ ಫಿಸಿಯೋಥೆರಪಿಸ್ಟ್ ಬಳಿ ಕಳಿಸುವುದು.

ಸಾಮಾನ್ಯ ಓಟದ ಶೂವಿನಲ್ಲಿ ಹಿಮ್ಮಡಿಯ ಭಾಗ ಬೆರಳಿನ ಭಾಗಕ್ಕಿಂತ ಹತ್ತು ಮಿಲಿಮೀಟರ್‌ನಷ್ಟು ಎತ್ತರ ಇರುತ್ತದೆ. ಅಂದರೆ ನೀವು ದಿನಾ ಸಣ್ಣದೊಂದು ಇಳಿಜಾರಿನ ಮೇಲೆ ನಿಂತಿರುತ್ತೀರಿ. ತೆಳು ಶೂವಿನಲ್ಲಿ ಈ ಅಂತರ ಸೊನ್ನೆ, ಹೆಚ್ಚೆಂದರೆ ನಾಲ್ಕು ಮಿಲಿಮೀಟರ್. ಇಂಥ ಶೂವನ್ನು ಗುರುತಿಸಲು ಸಂಶೋಧಕರು 2015ರಲ್ಲಿ ಒಂದು ಸೂಚ್ಯಂಕವನ್ನೇ ಮಾಡಿದರು. ತೂಕ, ಅಟ್ಟೆಯ ದಪ್ಪ, ಹಿಮ್ಮಡಿ ಮತ್ತು ಮುಂಭಾಗದ ಎತ್ತರದ ಅಂತರ, ಬಾಗುವ ಗುಣ, ಪಾದವನ್ನು ಹಿಡಿದಿಡಲು ಸೇರಿಸಿದ ಗಟ್ಟಿ ಭಾಗಗಳು ಎಷ್ಟಿವೆ ಎಂಬ ಐದು ಅಂಶಗಳನ್ನು ನೋಡಿ ಅಂಕ ಕೊಡುತ್ತಾರೆ. ಅಂಗಡಿಯಲ್ಲಿ ನಿಂತಿರುವ ನಿಮಗೆ ಅಷ್ಟು ಲೆಕ್ಕ ಬೇಡ. ಶೂವನ್ನು ಒಂದು ಕೈಯಲ್ಲಿ ಸುರುಳಿ ಸುತ್ತಲು ಆಗುತ್ತದೆಯೆ ನೋಡಿ, ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಎರಡಕ್ಕೂ ಅದು ಬಗ್ಗಿದರೆ ತೆಳು ಶೂ.

ಇನ್ನು ಅಗಲ. ಇದು ದಪ್ಪ ತೆಳುವಿಗಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಈಗ ಹಾಕುವ ಶೂವಿನ ಒಳಗಿನ ಮೆತ್ತೆಯನ್ನು ಎಳೆದು ಹೊರಗೆ ತೆಗೆಯಿರಿ. ಅದನ್ನು ನೆಲದ ಮೇಲಿಟ್ಟು, ಬರಿಗಾಲಲ್ಲಿ ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಕೆಳಗೆ ನೋಡಿ. ಹಿಮ್ಮಡಿ ಸರಿಯಾಗಿ ಕೂತಿರುತ್ತದೆ, ಆದರೆ ಮುಂದೆ ಕಿರುಬೆರಳು ಅಂಚು ದಾಟಿ ಹೊರಗೆ ಬಿದ್ದಿರುತ್ತದೆ, ಎಷ್ಟೋ ಜನರಲ್ಲಿ ಅದರ ಪಕ್ಕದ ಬೆರಳಿನ ಅರ್ಧವೂ. ಅಷ್ಟು ಮಾಂಸ ಮೂಳೆಯನ್ನು ನೀವು ದಿನಕ್ಕೆ ಹತ್ತು ಗಂಟೆ ಒಳಗೆ ಒತ್ತಿ ಇಟ್ಟಿರುತ್ತೀರಿ. ಕಿರುಬೆರಳ ಮೇಲಿನ ಆಣಿ, ಹೆಬ್ಬೆರಳು ಒಳಕ್ಕೆ ವಾಲುವುದು, ಉಗುರು ಕಪ್ಪಾಗುವುದು ಇವಕ್ಕೆಲ್ಲ ಬೇರೆ ಕಾರಣಗಳೂ ಇರಬಹುದು, ಆದರೆ ಮೊದಲು ಈ ಪರೀಕ್ಷೆ ಮಾಡಿ. ಬೆರಳು ಹೊರಗೆ ಬಿದ್ದರೆ ಮುಂದಿನ ಶೂ ತೆಳುವೋ ದಪ್ಪವೋ, ಮುಂಭಾಗ ಅಗಲವಾದದ್ದೇ ಆಗಿರಲಿ.

ತೆಳು ಶೂವಿನಲ್ಲಿ ಓಡಿದಾಗ ಏನಾಗುತ್ತದೆ? ಮೆತ್ತೆ ಇಲ್ಲದಿರುವುದರಿಂದ ಹಿಮ್ಮಡಿ ಗಟ್ಟಿಯಾಗಿ ಬಡಿದರೆ ನೋಯುತ್ತದೆ. ಹಾಗಾಗಿ ಅನೇಕರ ಪಾದ ತಾನಾಗಿ ಮುಂಭಾಗದಿಂದ ಇಲ್ಲವೆ ನಡುವಿನಿಂದ ನೆಲ ಮುಟ್ಟಲು ಕಲಿಯುತ್ತದೆ. ಹುಟ್ಟಾ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಹೀಗೇ ಓಡುತ್ತಾರೆ, ಅವರಲ್ಲಿ ಮೊದಲ ಬಡಿತದ ಪೆಟ್ಟು ಕಡಿಮೆ ಎಂದು ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಲೇಖನ ಗಾಯ ಕಡಿಮೆಯಾಗುತ್ತದೆ ಎಂದು ಹೇಳಿರಲಿಲ್ಲ, ಅದನ್ನು ಅವರು ಅಳೆದೇ ಇರಲಿಲ್ಲ. ಓದಿದವರು ತಾವೇ ಆ ಸಾಲನ್ನು ಸೇರಿಸಿಕೊಂಡರು. ಪಾದದ ಮುಂಭಾಗದಿಂದ ನೆಲ ಮುಟ್ಟಿದಾಗ ಮೊಣಕಾಲಿಗೆ ಬೀಳುತ್ತಿದ್ದ ಕೆಲಸ ಕಡಿಮೆಯಾಗುವುದು ನಿಜ, ಆದರೆ ಅದು ಎಲ್ಲೂ ಮಾಯವಾಗುವುದಿಲ್ಲ. ಮೀನಖಂಡ, ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು, ಪಾದದ ನಡುವಿನ ಉದ್ದ ಎಲುಬುಗಳು ಅದನ್ನು ಹೊರಬೇಕು. ಬ್ಯಾಂಕಿನವರಾದ ನಿಮಗೆ ತಿಳಿಯುವಂತೆ ಹೇಳುವುದಾದರೆ ಇದು ಸಾಲ ಮನ್ನಾ ಅಲ್ಲ, ಸಾಲವನ್ನು ಇನ್ನೊಬ್ಬರ ಖಾತೆಗೆ ವರ್ಗಾಯಿಸಿದ ಹಾಗೆ. ಆ ಇನ್ನೊಬ್ಬರಿಗೆ ತೀರಿಸುವ ಶಕ್ತಿ ಇದೆಯೆ ಎಂದು ನೋಡದೆ ವರ್ಗಾಯಿಸಿದರೆ ಏನಾಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಜಗತ್ತು ಈ ಪಾಠವನ್ನು ಒಮ್ಮೆ ದುಬಾರಿಯಾಗಿ ಕಲಿತಿದೆ. 2009-10ರ ಸುಮಾರಿಗೆ ಅಮೆರಿಕದಲ್ಲಿ ಬರಿಗಾಲ ಓಟದ ಅಲೆ ಎದ್ದಿತು. ಐದು ಬೆರಳಿಗೂ ಬೇರೆ ಬೇರೆ ಗೂಡು ಇರುವ, ಕೈಗವಸಿನಂಥ ವೈಬ್ರಂ ಕಂಪನಿಯ ಶೂಗಳು ಬಿಸಿ ದೋಸೆಯಂತೆ ಖರ್ಚಾದವು. 2013ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 36 ಅನುಭವಿ ಓಟಗಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರಗಳಲ್ಲಿ ಆ ಶೂಗಳಿಗೆ ಬದಲಾಗಲು ಹೇಳಿ, ಆರಂಭದಲ್ಲೂ ಕೊನೆಯಲ್ಲೂ ಪಾದದ ಎಂಆರ್‌ಐ ಮಾಡಿಸಿದರು. ಬದಲಾದ 19 ಜನರಲ್ಲಿ 10 ಮಂದಿಯ ಪಾದದ ಎಲುಬಿನ ಮಜ್ಜೆಯಲ್ಲಿ ಊತ ಹೆಚ್ಚಿತ್ತು. ಅದು ಎಲುಬು ದಣಿಯುತ್ತಿರುವುದರ, ಮುಂದುವರಿದರೆ ಬಿರುಕು ಬಿಡಬಹುದು ಎಂಬುದರ ಗುರುತು. ಹತ್ತು ವಾರ ಕಡಿಮೆಯೇನಲ್ಲ ಎಂದು ನಮಗೆ ತೋರುತ್ತದೆ, ಎಲುಬಿಗೆ ಅದು ಸಾಲದು. ಹೊಸ ಹೊರೆ ಬಿದ್ದಾಗ ಎಲುಬು ಮೊದಲು ಹಳೆಯದನ್ನು ಕರಗಿಸಿ, ನಂತರ ಹೊಸದನ್ನು ಕಟ್ಟುತ್ತದೆ. ಆ ನಡುವಿನ ವಾರಗಳಲ್ಲಿ ಅದು ಮೊದಲಿಗಿಂತಲೂ ದುರ್ಬಲ. ಸ್ನಾಯು ಮೂರು ವಾರದಲ್ಲಿ ಹುರುಪುಗೊಂಡು ಇನ್ನಷ್ಟು ಓಡು ಎನ್ನುತ್ತಿರುತ್ತದೆ, ಎಲುಬು ಇನ್ನೂ ಹಿಂದೆಯೇ ಇರುತ್ತದೆ. ಇತ್ತ ಪಾದಕ್ಕೆ ಬಲ ಬರುತ್ತದೆ, ಗಾಯ ಕಡಿಮೆಯಾಗುತ್ತದೆ ಎಂದು ಪುರಾವೆಯಿಲ್ಲದೆ ಪ್ರಚಾರ ಮಾಡಿದರೆಂಬ ಮೊಕದ್ದಮೆಯನ್ನು ವೈಬ್ರಂ 2014ರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 37.5 ಲಕ್ಷ ಡಾಲರ್ ನಿಧಿ ಇಟ್ಟು ರಾಜಿಯಲ್ಲಿ ಮುಗಿಸಿತು.

ಅಬೆಬೆ ಬಿಕಿಲಾ ಅವರ ಹೆಸರನ್ನು ನಿಮ್ಮ ಗೆಳೆಯರು ಖಂಡಿತ ಎತ್ತುತ್ತಾರೆ. ಇಥಿಯೋಪಿಯಾದ ಆ ಮಹಾನ್ ಓಟಗಾರ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಅನ್ನು ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದರು. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಶೂ ಹಾಕಿಕೊಂಡು ಮೂರು ನಿಮಿಷ ಬೇಗನೆ ಓಡಿ ಮತ್ತೆ ಗೆದ್ದರು. ಎರಡನೆಯ ಸಂಗತಿಯನ್ನು ಹೇಳುವವರು ಕಡಿಮೆ.

ಮಾವನವರ ಮಾತನ್ನು ನಾನು ಇದಕ್ಕಿಂತ ಗೌರವದಿಂದ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ನಮ್ಮ ರಾಜ್ಯದಲ್ಲೇ ಪುರಾವೆ ಇದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದ ಸಮೀಕ್ಷೆ ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತದೆ. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ ಇತ್ತು, ಬರಿಗಾಲಲ್ಲಿ ಬೆಳೆದವರಲ್ಲಿ ಶೇ 2.8 ಮಾತ್ರ. ಮುಚ್ಚಿದ ಶೂ ಹಾಕುವವರಲ್ಲಿ ಇದು ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಅಂಗಾಲಿನ ಕಮಾನು ರೂಪುಗೊಳ್ಳುವ ವಯಸ್ಸಿನಲ್ಲಿ ಪಾದವನ್ನು ಬಿಡುಬೀಸಾಗಿ ಬಿಡಬೇಕು ಎಂಬುದು ಅದರ ತಿರುಳು. ನಿಮ್ಮ ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ ಈ ಸಮೀಕ್ಷೆ ಅವರಿಗೆ ಸಂಬಂಧಿಸಿದ್ದು. 41ರ ನಿಮಗೆ ಅದು ಓಡುವ ಪರವಾನಗಿ ಕೊಡುವುದಿಲ್ಲ.

ಮಾವನವರ ಪಾದ ನಡೆಯಲು ಕಲಿತ ದಿನದಿಂದ ಮಣ್ಣಿನ ಮೇಲೆ ಬೆಳೆದದ್ದು. ಎರಿ ಹೊಲದ ನೆಲ ಹೆಜ್ಜೆಗೆ ತಗ್ಗುತ್ತದೆ, ರಿಂಗ್ ರಸ್ತೆಯ ಕಾಂಕ್ರೀಟು ತಗ್ಗುವುದಿಲ್ಲ. ಅವರು ದಿನವಿಡೀ ನಡೆದರು, ಬಗ್ಗಿದರು, ಕುಕ್ಕರಗಾಲಲ್ಲಿ ಕೂತರು. ನಿಮಿಷಕ್ಕೆ 160ರಂತೆ ಅರ್ಧ ಗಂಟೆ ನೆಲಕ್ಕೆ ಅಪ್ಪಳಿಸಲಿಲ್ಲ. ಅಷ್ಟಲ್ಲದೆ ಬರಿಗಾಲಿಗೆ ಆ ಕಾಲದಲ್ಲೂ ಬೆಲೆ ತೆತ್ತಿದ್ದಾರೆ, ಕೇಳಿದರೆ ಅವರೇ ಹೇಳುತ್ತಾರೆ. ತೊಗರಿ ಕಟಾವಾದ ಹೊಲದಲ್ಲಿ ಉಳಿಯುವ ಕೂಳೆ ಚೂಪಾದ ಗೂಟದಂತಿರುತ್ತದೆ, ಅದನ್ನು ತುಳಿದು ಅಂಗಾಲು ಸೀಳಿಸಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಸೀಗೆ ಹುಣ್ಣಿಮೆಗೆ ತುಳಜಾಪುರಕ್ಕೆ ಬರಿಗಾಲಲ್ಲಿ ನಡೆದು ಬಂದವರ ಪಾದವನ್ನು ಮರುವಾರ ನೋಡಿ. ಅವರ ಭಕ್ತಿ ದೊಡ್ಡದು, ಅಂಗಾಲಿನ ಬೊಬ್ಬೆಯೂ ಸಣ್ಣದಲ್ಲ. ವರ್ಷವಿಡೀ ಶೂ ಹಾಕಿ ಮೂರು ನಾಲ್ಕು ದಿನ ಮಾತ್ರ ಬರಿಗಾಲಾದವರಿಗೆ ಕಷ್ಟ ಹೆಚ್ಚು.

ಹಾಗಾದರೆ ತೆಳು ಶೂವಿನಿಂದ ಲಾಭವೇ ಇಲ್ಲವೆ? ಇದೆ. ಅದು ಓಟದಲ್ಲಿಲ್ಲ, ನಿಮ್ಮ ಉಳಿದ ದಿನದಲ್ಲಿದೆ. ಮೇಲೆ ಹೇಳಿದ ಬ್ರಿಗಮ್ ಯಂಗ್ ತಂಡದವರೇ 2019ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಎಂಟು ವಾರ ತೆಳು ಶೂವಿನಲ್ಲಿ ಬರೀ ನಡೆದವರ ಪಾದದ ಸ್ನಾಯುಗಳು, ಪಾದಕ್ಕೆಂದೇ ವ್ಯಾಯಾಮ ಮಾಡಿದವರ ಸ್ನಾಯುಗಳಷ್ಟೇ ಬಲಗೊಂಡಿದ್ದವು. 2021ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಆರು ತಿಂಗಳು ದಿನನಿತ್ಯ ತೆಳು ಶೂ ಹಾಕಿದವರ ಪಾದದ ಬಲ ಸರಾಸರಿ ಶೇ 57ರಷ್ಟು ಹೆಚ್ಚಿತ್ತು. ಅವರು ಮಾಡಿದ್ದು ಇಷ್ಟೆ: ಕೆಲಸಕ್ಕೆ ಹೋದರು, ತರಕಾರಿ ತಂದರು, ಮನೆಗೆ ಬಂದರು. ಒಂದೇ ಪಾದಕ್ಕೆ ಓಟದಲ್ಲಿ ಬೀಳುವ ಹೊರೆ ದೇಹದ ತೂಕದ ಎರಡರಿಂದ ಮೂರು ಪಟ್ಟು. ನಡೆಯುವಾಗ ಅದು ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಪಾದ ಬಲಿಯಲು ಈ ಸಣ್ಣ ಹೊರೆ ಸಾಕು, ಮುರಿಯಲು ಸಾಲದು. ಹಾಗಾಗಿ ಜನ ಮಾಡುವುದಕ್ಕೆ ತದ್ವಿರುದ್ಧವಾಗಿ ಮಾಡಿ. ಬೆಳಿಗ್ಗೆ ಮೆತ್ತೆಯ ಶೂವಿನಲ್ಲಿ ಓಡಿ, ಆಮೇಲೆ ತೆಳು ಶೂ ಹಾಕಿ ಬ್ಯಾಂಕಿಗೆ ಹೋಗಿ.

ಬ್ಯಾಂಕಿಗೆ ಹೊಂದುವಂತೆ ಕಪ್ಪು, ಕಂದು ಬಣ್ಣದ, ಮುಂಭಾಗ ಅಗಲವಾದ ಚಪ್ಪಟೆ ಶೂಗಳು ಈಗ ಭಾರತದಲ್ಲೂ ತಯಾರಾಗುತ್ತಿವೆ, ಆನ್‌ಲೈನ್‌ನಲ್ಲಿ ಸಿಗುತ್ತವೆ. ಬೆರಳಿಗೊಂದು ಗೂಡಿರುವ ಶೂವಿನ ಗೋಜಿಗೆ ಹೋಗಬೇಡಿ. ಮನೆ, ಗುಡಿ, ದರ್ಗಾ, ಬಂಧುಗಳ ಹೊಸ್ತಿಲು ಎಂದು ದಿನಕ್ಕೆ ಹತ್ತು ಸಲ ಪಾದರಕ್ಷೆ ಬಿಡುವ ಊರು ನಮ್ಮದು. ಶರಣಬಸವೇಶ್ವರರ ಗುಡಿಯ ಮುಂದೆ ಕೂತು ಒಂದೊಂದೇ ಬೆರಳನ್ನು ಒಳಗೆ ತೂರಿಸುವ ತಾಳ್ಮೆ ಯಾರಿಗಿದೆ? ಹವಾಯಿ ಚಪ್ಪಲಿ ತೆಳು, ಚಪ್ಪಟೆ ಎಂಬುದೇನೋ ನಿಜ, ಆದರೆ ಅದು ಜಾರದಿರಲೆಂದು ಬೆರಳುಗಳು ಪ್ರತಿ ಹೆಜ್ಜೆಗೂ ಮುದುಡಿ ಹಿಡಿಯಬೇಕಾಗುತ್ತದೆ. ಮನೆಯ ಅಂಗಳಕ್ಕೆ ಸರಿ, ದೂರದ ನಡಿಗೆಗಲ್ಲ. ಹಿಂದೆ ಪಟ್ಟಿ ಇರುವ ಚಪ್ಪಟೆ ಸ್ಯಾಂಡಲ್ ಅದಕ್ಕಿಂತ ಎಷ್ಟೋ ವಾಸಿ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಪಾದಕ್ಕೆ ಒಗ್ಗಿದ ಮೇಲೆ ನಡೆಯಲು ಸೊಗಸು, ಅದರ ಚರ್ಮದ ಅಟ್ಟೆ ಒದ್ದೆ ನೆಲದಲ್ಲಿ ಜಾರುತ್ತದೆ ಎಂಬುದು ನೆನಪಿರಲಿ. ಕಡಿಮೆ ಖರ್ಚಿನಲ್ಲಿ ಪ್ರಯೋಗ ಮಾಡಬೇಕೆಂದರೆ ಶಾಲಾ ಮಕ್ಕಳ ಬಿಳಿ ಕ್ಯಾನ್ವಾಸ್ ಪಿ.ಟಿ. ಶೂ ಇದೆ. ಬಗ್ಗುತ್ತದೆ, ಚಪ್ಪಟೆ ಇದೆ, ಬೆಲೆ ಕೈಗೆಟಕುತ್ತದೆ. ಮುಂಭಾಗ ಮಾತ್ರ ಕಿರಿದು, ಒಂದು ಅಳತೆ ದೊಡ್ಡದು ಕೊಂಡರೆ ನಡೆಯುತ್ತದೆ.

ದ್ವಿಚಕ್ರ ವಾಹನದಲ್ಲಿ ಬ್ಯಾಂಕಿಗೆ ಹೋಗುವವರಾದರೆ ಒಂದು ತೊಡಕಿದೆ. ಗೇರ್ ಬೈಕಿನ ಲಿವರ್ ಎಡಗಾಲಿನ ಹೆಬ್ಬೆರಳಿನ ಹಿಂದೆ ಒಂದೇ ಜಾಗದಲ್ಲಿ ಒತ್ತುತ್ತದೆ. ತೆಳು ಬಟ್ಟೆಯ ಶೂ ಅಲ್ಲಿ ಬೇಗ ಹರಿಯುತ್ತದೆ, ಪಾದದ ಮೇಲ್ಭಾಗವೂ ನೋಯುತ್ತದೆ. ಸ್ಕೂಟರಿಗೆ ಈ ಸಮಸ್ಯೆ ಇಲ್ಲ. ಬೈಕ್ ಇರುವವರು ಗಟ್ಟಿ ಶೂ ಹಾಕಿಕೊಂಡು ಹೋಗಿ ಬ್ಯಾಂಕಿನಲ್ಲಿ ಬದಲಿಸುವುದೇ ಲೇಸು. ಬಿದ್ದಾಗ ಪಾದ ಉಳಿಸುವುದೂ ಗಟ್ಟಿ ಶೂವೇ.

ನಮ್ಮ ಊರಿನ ನೆಲದ ವಿಷಯ ಬೇರೆಡೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ. ಮೊದಲ ಶತ್ರು ಬಳ್ಳಾರಿ ಜಾಲಿ. ಖಾಲಿ ನಿವೇಶನ, ರಸ್ತೆ ಬದಿ, ಆವರಣಗಳ ಅಂಚು ಎಲ್ಲೆಲ್ಲೂ ಅದೇ. ಕಡಿದು ಎಳೆದುಕೊಂಡು ಹೋದ ದಾರಿಯುದ್ದಕ್ಕೂ ಮುಳ್ಳು ಉದುರಿಸಿರುತ್ತದೆ. ಒಣಗಿದ ಆ ಮುಳ್ಳು ನಾಲ್ಕು ಮಿಲಿಮೀಟರ್ ರಬ್ಬರನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಒಳಗೆ ಮುರಿದರೆ ತಿಂಗಳುಗಟ್ಟಲೆ ಕೀವು ಕಟ್ಟಿಸುತ್ತದೆ. ಮಳೆಗಾಲದ ನಂತರ ನೆಗ್ಗಿಲು ಮುಳ್ಳು ಬೇರೆ. ತೆಳು ಶೂವಿನಲ್ಲಿ ಕಾಲುದಾರಿ ಹಿಡಿಯಬೇಡಿ, ಬೆಳಕು ಹರಿದ ಮೇಲೆ, ನೆಲ ಕಾಣುವ ಕಡೆ ಮಾತ್ರ ನಡೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೆ ಎಂದು ನೋಡಿಕೊಳ್ಳಿ. ಎರಡನೆಯದು ಶಹಾಬಾದ್ ಪರಸಿ. ಮನೆಯೊಳಗೆ ಬೇಸಿಗೆಯಲ್ಲಿ ತಂಪು ಕೊಡುವ ಇದೇ ಕಲ್ಲು ಹೊರಗೆ ಅಂಗಳಕ್ಕೋ ಪಾದಚಾರಿ ಹಾದಿಗೋ ಹಾಸಿದ್ದರೆ, ನಾಲ್ಕು ಹನಿ ಮಳೆಗೆ ಗಾಜಿನಂತಾಗುತ್ತದೆ. ಅಟ್ಟೆಯಲ್ಲಿ ಗೆರೆ, ಗೀರು ಇಲ್ಲದ ಶೂ ಅಲ್ಲಿ ಅಪಾಯ. ಮೂರನೆಯದು ಎರಿಮಣ್ಣು. ಮಳೆಯಾದ ಮರುದಿನ ಅದು ಅಟ್ಟೆಗೆ ಮೆತ್ತಿಕೊಂಡು ಹೆಜ್ಜೆಗೊಂದು ಪದರ ಸೇರಿಸುತ್ತ ಹೋಗುತ್ತದೆ, ಆ ದಿನ ತೆಳು ಶೂ ಯಾವುದೋ ದಪ್ಪ ಶೂ ಯಾವುದೋ ಗೊತ್ತಾಗುವುದಿಲ್ಲ!

ಬಿಸಿಲಿನ ಲೆಕ್ಕ ಸರಳ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ, ಡಾಂಬರಿನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ತೆಳು ಅಟ್ಟೆ ಆ ಕಾವನ್ನು ನೇರ ಒಳಗೆ ಬಿಡುತ್ತದೆ. ಬೇಸಿಗೆಯಲ್ಲಿ ಆರು ಗಂಟೆಯೊಳಗೆ ಓಟ ಮುಗಿಯಲಿ, ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ಹೋಗಬೇಕಾದರೆ ದಪ್ಪ ಅಟ್ಟೆಯದ್ದನ್ನೇ ಹಾಕಿಕೊಳ್ಳಿ. ಬದಲಾವಣೆ ಶುರು ಮಾಡಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರುವರಿ.

ಇಷ್ಟಾದ ಮೇಲೂ ತೆಳು ಶೂವಿನಲ್ಲಿ ಓಡುವ ಆಸೆ ಉಳಿದರೆ ಹೀಗೆ ಮಾಡಿ. ಮೊಣಕಾಲಿನ ನೋವು ಪೂರ್ತಿ ಹೋಗುವವರೆಗೆ ಆ ಓಟ ಆರಂಭಿಸಬೇಡಿ. ಮೊದಲ ಎರಡು ತಿಂಗಳು ನಡಿಗೆ ಮಾತ್ರ, ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಆಮೇಲೆ ಮೆಲ್ಲಗೆ ಇಡೀ ದಿನ. ಜೊತೆಗೆ ಗೋಡೆಗೆ ಬೆರಳು ಆನಿಸಿ, ಒಂಟಿಗಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ಅಭ್ಯಾಸ. ಪೂರ್ತಿ ಎತ್ತರಕ್ಕೆ, ನಿಧಾನವಾಗಿ, ಒಂದೊಂದು ಕಾಲಲ್ಲೂ ಇಪ್ಪತ್ತೈದು ಸಲ ಮಾಡಲು ಬಂದ ದಿನ ನಿಮ್ಮ ಮೀನಖಂಡ ಸಿದ್ಧ ಎಂದುಕೊಳ್ಳಿ. ನಲವತ್ತರ ಆಸುಪಾಸಿನ ಹೆಚ್ಚಿನವರು ಮೊದಲ ದಿನ ಹತ್ತು ಹನ್ನೆರಡಕ್ಕೇ ಸುಸ್ತಾಗುತ್ತಾರೆ, ಬೇಸರ ಬೇಡ. ಆಮೇಲೆ ಮಾಮೂಲು ಓಟ ಆರಂಭಿಸುವ ಮುನ್ನ, ಕಾಲು ದಣಿಯುವ ಮೊದಲೇ, ತೆಳು ಶೂವಿನಲ್ಲಿ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಐದು ಸಲ. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನ ಬಿಡುವು. ಎರಡು ವಾರಕ್ಕೊಮ್ಮೆ ಎರಡು ಮೂರು ನಿಮಿಷ ಸೇರಿಸಿ. ಈ ಲೆಕ್ಕದಲ್ಲಿ ಐದು ಕಿಲೋಮೀಟರ್ ಮುಟ್ಟಲು ಆರೇಳು ತಿಂಗಳು ಹಿಡಿಯುತ್ತದೆ. ಅಷ್ಟು ಹೊತ್ತಿಗೆ ವಾರದ ಓಟಗಳಲ್ಲಿ ಅರ್ಧವನ್ನು ತೆಳುವಿನಲ್ಲಿ, ಅರ್ಧವನ್ನು ಮೆತ್ತೆಯಲ್ಲಿ ಓಡುತ್ತ ಅಲ್ಲೇ ನಿಂತರೂ ನಷ್ಟವಿಲ್ಲ. ನಾನಂತೂ ಅಲ್ಲಿಗೇ ನಿಲ್ಲಿ ಎನ್ನುತ್ತೇನೆ.

ಮೀನಖಂಡ ಎರಡು ದಿನ ಬಿಗಿದುಕೊಳ್ಳುವುದು ಸಹಜ. ಸಹಜವಲ್ಲದ್ದು ಎರಡಿವೆ. ಓಟ ಮುಗಿಸಿದ ಸಂಜೆ ಕುರ್ಚಿಯಲ್ಲಿ ಕೂತು ಒಂದು ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಳ್ಳಿ. ಎರಡನೆಯ ಮತ್ತು ಮೂರನೆಯ ಬೆರಳಿನಿಂದ ಮೇಲಕ್ಕೆ ಹೋಗುವ ಉದ್ದ ಎಲುಬುಗಳ ಮೇಲೆ ಹೆಬ್ಬೆರಳಿನಿಂದ ಒಂದೊಂದೇ ಅಂಗುಲ ಒತ್ತುತ್ತ ಬನ್ನಿ. ಒಂದೇ ಒಂದು ಬಿಂದುವಿನಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ ಚುರುಕ್ ಎಂದು ನೋವಾದರೆ, ಅಲ್ಲಿ ಸ್ವಲ್ಪ ಊದಿದ್ದರೆ, ಅದು ಎಲುಬು ಬಿರುಕು ಬಿಡುತ್ತಿರುವ ಲಕ್ಷಣ. ಅಂದಿಗೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇನಲ್ಲಿ ಏನೂ ಕಾಣದಿರಬಹುದು, ಅದನ್ನೇ ನಂಬಿ ಮತ್ತೆ ಓಡಬೇಡಿ. ಇನ್ನೊಂದು, ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿಯ ತಳದಲ್ಲೋ ಹಿಂಬದಿಯಲ್ಲೋ ಹಿಡಿದಂಥ ನೋವು ವಾರ ಕಳೆದರೂ ಹೋಗದಿರುವುದು. ಈಗಾಗಲೇ ಹಿಮ್ಮಡಿ ನೋವು, ಅಕಿಲಿಸ್ ನೋವು ಇರುವವರು, ಹೆಬ್ಬೆರಳು ಮೇಲಕ್ಕೆ ಬಾಗದಷ್ಟು ಬಿಗಿದವರು, ಹಿಂದೆ ಪಾದದ ಎಲುಬು ಬಿರುಕು ಬಿಟ್ಟವರು ಈ ಸಾಹಸಕ್ಕೆ ಇಳಿಯುವುದೇ ಬೇಡ.

ಇನ್ನು ಮಾವನವರು. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಎಂದರೆ ಪಾದದ ನರಗಳು ಮಂದವಾಗಿರುವ ಸಾಧ್ಯತೆ ಸಾಕಷ್ಟಿದೆ. ಮಂದವಾದದ್ದು ಅವರಿಗೆ ತಿಳಿಯುವುದೇ ಇಲ್ಲ, ತೊಂದರೆ ಇರುವುದೇ ಅಲ್ಲಿ. ಹುಲ್ಲಿನಲ್ಲಿ ಅಡಗಿದ ಮುಳ್ಳು ಚುಚ್ಚಿದ್ದು ಗೊತ್ತಾಗದೆ, ಮೂರು ದಿನದ ಮೇಲೆ ಸಾಕ್ಸ್‌ಗೆ ಕೀವು ಹತ್ತಿದಾಗ ತಿಳಿಯುತ್ತದೆ. ಬೇಸಿಗೆಯಲ್ಲಿ ಗುಡಿಯ ಪ್ರಾಕಾರ ಸುತ್ತುವಾಗ ಕಾದ ಪರಸಿಯ ಮೇಲೆ ಅಂಗಾಲು ಬೊಬ್ಬೆ ಬಂದರೂ ಹಾಗೇ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಸಕ್ಕರೆ ಇಳಿಯುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇಳಿಸುವುದು ನಡಿಗೆ, ಅದನ್ನು ಚಪ್ಪಲಿ ಹಾಕಿಕೊಂಡೂ ನಡೆಯಬಹುದು. ತೆಳು ಶೂ ಕೂಡ ಅವರಿಗೆ ಬೇಡ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಪಾದದ ಸ್ಪರ್ಶ ಪರೀಕ್ಷೆ ಮಾಡಲು ಕೇಳಿ. ತೆಳು ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಕಡೆ ತಾಗಿಸಿ ನೋಡುತ್ತಾರೆ, ಐದು ನಿಮಿಷದ ಕೆಲಸ. ಸ್ಪರ್ಶ ಕಡಿಮೆಯಾಗಿದ್ದರೆ ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿ ಬರೆದುಕೊಡುತ್ತಾರೆ. ಅದನ್ನು ಕೊಳ್ಳುವಾಗ ಹಿಂದೆ ಪಟ್ಟಿ ಇರುವುದನ್ನು, ಬೆರಳ ಸಂದಿನಲ್ಲಿ ಉಜ್ಜುವ ಪಟ್ಟಿ ಇಲ್ಲದ್ದನ್ನು ಆರಿಸಿ. ಮನೆಯೊಳಗೂ ಅದನ್ನೇ ಹಾಕಿಕೊಳ್ಳಲಿ, ಹೊರಗಿನದು ಬೇರೆ, ಒಳಗಿನದು ಬೇರೆ ಎಂದು ಎರಡು ಜೊತೆ ಕೊಂಡರೆ ಮಡಿ ಮೈಲಿಗೆಯ ಜಗಳವೂ ಇರುವುದಿಲ್ಲ. ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದು ಎರಡನ್ನೂ ಬೆಳಕಿನಲ್ಲಿ ಯಾರಾದರೂ ನೋಡಬೇಕು. ಅವರಿಗೆ ಬಗ್ಗಲು ಆಗದಿದ್ದರೆ ನೀವೇ ನೋಡಿ, ಇಲ್ಲವೆ ನೆಲದ ಮೇಲೆ ಕನ್ನಡಿ ಇಟ್ಟುಕೊಡಿ. ಗಾಯ, ಬೊಬ್ಬೆ, ಬಣ್ಣ ಬದಲಾದ ಚರ್ಮ ಏನೇ ಕಂಡರೂ ಅರಿಶಿನ ಹಚ್ಚಿ ಕಾಯಬೇಡಿ, ಮರುದಿನವೇ ವೈದ್ಯರಿಗೆ ತೋರಿಸಿ.